ಸೆರಗಿನ ಗಂಟು



ಮರೆಯಬಾರದ ಕೆಲಸವೊಂದಿದ್ದರೆ ನಮ್ಮ ಅಜ್ಜಿಯಂದಿರು ಸೀರೆಯ ಸೆರಗಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದರು. ಸಂತೆಯಿಂದ ಉಪ್ಪು ತರಬೇಕು, ನೆರೆಮನೆಯವರಿಂದ ತಂದ ಕೈಗಡ ಹಿಂದಿರುಗಿಸಬೇಕು, ಮಗುವಿಗೆ ಹೊತ್ತಿಗೆ ಸರಿಯಾಗಿ ಮದ್ದು ಕುಡಿಸಬೇಕು. ದಿನವಿಡೀ ಕೈ ಕೆಲಸದಲ್ಲಿದ್ದರೂ ಬೆರಳು ಗಂಟಿಗೆ ತಗುಲಿದೊಡನೆ ನೆನಪು ಮರಳುತ್ತಿತ್ತು. ನಾಲ್ಕು ಕಾಸನ್ನು ಕಟ್ಟಿಡುತ್ತಿದ್ದುದೂ ಅದೇ ಸೆರಗಿನಲ್ಲಿ. ಅಂಜಿದ ಮಗು ಓಡಿಬಂದು ಹಿಡಿಯುವುದು ಸೆರಗನ್ನು. ಸಂಕಟ ಮಿತಿಮೀರಿದಾಗ ತಾಯಿ ದೇವರ ಮುಂದೆ ಒಡ್ಡುವುದೂ ಸೆರಗನ್ನೇ. ಬಟ್ಟೆಯ ನಡುಭಾಗ ಮೈಯನ್ನು ಮುಚ್ಚುತ್ತದೆ. ಅದರ ಅಂಚು ನಮ್ಮ ನೆನಪನ್ನೂ ಮೊರೆಯನ್ನೂ ಕಾಯುತ್ತದೆ.

ಸರ್ವೇಶ್ವರ ಸ್ವಾಮಿ ತಮ್ಮ ಜನರಿಗೆ ಇದೇ ಉಪಾಯವನ್ನು ಹೇಳಿಕೊಟ್ಟರು ಎಂದರೆ ನಿಮಗೆ ಆಶ್ಚರ್ಯವಾದೀತು. ಸಂಖ್ಯಾಕಾಂಡದ 15ನೇ ಅಧ್ಯಾಯದ ಕೊನೆಯ ಐದು ವಚನಗಳನ್ನು ಇಂದು ಸಂಜೆ ಮನೆಯವರೆಲ್ಲ ಕೂಡಿ ಓದಿರಿ. ಇಸ್ರಯೇಲರು ತಮ್ಮ ಉಡುಪಿನ ಮೂಲೆಗಳಿಗೆ ಗೊಂಡೆಗಳನ್ನು ಕಟ್ಟಿಕೊಳ್ಳಬೇಕು, ಒಂದೊಂದು ಗೊಂಡೆಯಲ್ಲೂ ಒಂದು ನೀಲಿ ದಾರವಿರಬೇಕು, ಅದನ್ನು ಕಂಡಾಗಲೆಲ್ಲ ದೇವರ ಆಜ್ಞೆಗಳು ನೆನಪಿಗೆ ಬರಬೇಕು ಎಂದು ಅಲ್ಲಿ ಹೇಳಿದೆ. ಮನುಷ್ಯನ ಕಣ್ಣು ಮನಸ್ಸುಗಳು ಅಲೆಯುತ್ತವೆ ಎಂಬುದು ಸೃಷ್ಟಿಕರ್ತರಿಗೆ ಗೊತ್ತು. ಆದ್ದರಿಂದಲೇ ಅವರು ಕಣ್ಣಿಗೆ ಕಾಣುವ, ಕೈಗೆ ಸಿಗುವ ಗುರುತೊಂದನ್ನು ಬಟ್ಟೆಯ ಅಂಚಿಗೇ ಕಟ್ಟಿಸಿದರು.

ಪ್ರಾರ್ಥನೆಯ ಶಾಲು ಸಿದ್ಧವಾಗುವ ಬಗೆ

ಈ ಆಜ್ಞೆಯ ಪ್ರಕಾರವೇ ಯೆಹೂದ್ಯರು ಇಂದಿಗೂ ಪ್ರಾರ್ಥನೆಯ ವೇಳೆ ಒಂದು ಶಾಲನ್ನು ಹೊದೆಯುತ್ತಾರೆ. ಅದನ್ನು ‘ತಾಲಿತ್’ ಎಂದೂ ಅದರ ಗೊಂಡೆಗಳನ್ನು ‘ತ್ಸಿತ್ಸಿತ್’ ಎಂದೂ ಕರೆಯುತ್ತಾರೆ. ಹುಡುಗನಿಗೆ 13 ವರ್ಷ ತುಂಬಿ, ಧರ್ಮದ ಆಜ್ಞೆಗಳಿಗೆ ತಾನೇ ಹೊಣೆಗಾರನಾಗುವಾಗ ಅನೇಕ ಮನೆಗಳಲ್ಲಿ ಇದನ್ನು ಉಡುಗೊರೆಯಾಗಿ ಕೊಡುತ್ತಾರೆ. ಮದುವೆಯ ಸಮಯದಲ್ಲಿ ಕೊಡುವ ಪಂಗಡಗಳೂ ಉಂಟು. ಕೆಲವು ಸಭೆಗಳಲ್ಲಿ ಹೆಣ್ಣುಮಕ್ಕಳೂ ಇದನ್ನು ಹೊದೆಯುತ್ತಾರೆ.

ಅಂಗಡಿಯಲ್ಲಿ ಸಿದ್ಧ ಶಾಲುಗಳು ದೊರೆಯುತ್ತವೆ. ಆದರೂ ಎಷ್ಟೋ ಕುಟುಂಬಗಳು ತಮ್ಮ ಮಗುವಿಗೆಂದೇ ಒಂದನ್ನು ನೇಯಿಸುತ್ತವೆ, ಇಲ್ಲವೆ ಮನೆಯಲ್ಲೇ ಹೊಲಿಯುತ್ತವೆ. ಉಣ್ಣೆಯೋ ಹತ್ತಿಯೋ ರೇಷ್ಮೆಯೋ ಎಂದು ತಾಯಿತಂದೆ ಕೂತು ಮಾತಾಡುತ್ತಾರೆ. ಪಟ್ಟೆಗಳು ಕಪ್ಪಗಿರಲೋ ನೀಲಿಯಿರಲೋ ಅಥವಾ ಮಗುವಿಗೆ ಇಷ್ಟವಾದ ಬೇರೆ ಬಣ್ಣವಿರಲೋ ಎಂದು ಯೋಚಿಸುತ್ತಾರೆ. ಕುತ್ತಿಗೆಯ ಬಳಿ ಬರುವ ಪಟ್ಟಿಗೆ ‘ಅತಾರಾ’ ಎಂದು ಹೆಸರು, ಅಂದರೆ ಕಿರೀಟ. ಅದರ ಮೇಲೆ ಶಾಲು ಹೊದೆಯುವಾಗ ಹೇಳುವ ಸ್ತುತಿಯನ್ನೋ ಮಗುವಿನ ಹೆಸರನ್ನೋ ಕಸೂತಿಯಲ್ಲಿ ಹಾಕುವುದುಂಟು. ತೀರಿಹೋದ ಅಜ್ಜನ ಬಟ್ಟೆಯ ತುಂಡನ್ನು ನಾಲ್ಕು ಮೂಲೆಗಳಿಗೆ ಚೌಕವಾಗಿ ಇಟ್ಟು ಹೊಲಿಯುವವರೂ ಇದ್ದಾರೆ.

ಕೊನೆಗೆ ಉಳಿಯುವುದು ಗೊಂಡೆ. ಪ್ರತಿ ಮೂಲೆಯ ತೂತಿನಲ್ಲಿ ನಾಲ್ಕು ಎಳೆಗಳನ್ನು ತೂರಿಸಿ ಮಡಿಸಿದಾಗ ಎಂಟು ಎಳೆಗಳಾಗುತ್ತವೆ. ಅವುಗಳಲ್ಲಿ ಒಂದು ಎಳೆ ಹೆಚ್ಚು ಉದ್ದ. ಅದನ್ನು ಉಳಿದ ಎಳೆಗಳ ಸುತ್ತ ಸುತ್ತುತ್ತಾ ನಡುನಡುವೆ ಐದು ಕಡೆ ಗಂಟು ಹಾಕುತ್ತಾರೆ. ಬಹುಮಂದಿ ಅನುಸರಿಸುವ ಪದ್ಧತಿಯಲ್ಲಿ ಗಂಟುಗಳ ನಡುವೆ 7, 8, 11, 13 ಸುತ್ತುಗಳು ಬರುತ್ತವೆ, ಒಟ್ಟು 39. ಹೀಬ್ರೂ ಅಕ್ಷರಗಳಿಗೆ ಬೆಲೆ ಕಟ್ಟಿ ಕೂಡಿದರೆ ‘ಸರ್ವೇಶ್ವರ ಒಬ್ಬರೇ’ ಎಂಬ ಮಾತಿನ ಮೊತ್ತವೂ 39. ‘ತ್ಸಿತ್ಸಿತ್’ ಎಂಬ ಪದದ ಬೆಲೆ 600. ಅದಕ್ಕೆ ಎಂಟು ಎಳೆ, ಐದು ಗಂಟು ಸೇರಿಸಿದರೆ 613; ಯೆಹೂದ್ಯ ಪರಂಪರೆಯ ಲೆಕ್ಕದಲ್ಲಿ ಧರ್ಮಶಾಸ್ತ್ರದ ಆಜ್ಞೆಗಳ ಸಂಖ್ಯೆಯೂ ಅಷ್ಟೇ. ಅಂದರೆ ನಮ್ಮವರು ಜಪಸರದ ಮಣಿಯನ್ನು ಎಣಿಸಿದಂತೆ ಅವರು ಗಂಟಿನಲ್ಲಿ ಪ್ರಾರ್ಥನೆಯನ್ನು ಎಣಿಸುತ್ತಾರೆ. ಆಜ್ಞೆಯನ್ನು ಪಾಲಿಸುತ್ತಿದ್ದೇನೆ ಎಂಬ ಸಂಕಲ್ಪವಿಲ್ಲದೆ ಕಟ್ಟಿದ ಗಂಟು ಅವರಿಗೆ ಸಲ್ಲದು.

ಇಲ್ಲಿ ಒಂದು ಮಾತನ್ನು ಗಮನಿಸಿರಿ. ಶಾಲಿನ ಬಣ್ಣ, ಪಟ್ಟೆ, ಕಸೂತಿ ಎಲ್ಲವನ್ನೂ ಧರ್ಮಶಾಸ್ತ್ರ ಮನೆಯವರ ಪ್ರೀತಿಗೆ ಬಿಟ್ಟಿದೆ. ಉಣ್ಣೆಯನ್ನೂ ನಾರುಬಟ್ಟೆಯನ್ನೂ ಬೆರೆಸಿ ನೇಯಬಾರದೆಂಬ ಒಂದು ನಿಷೇಧವುಂಟು. ಆದರೆ ಮೂಲೆಯ ಗೊಂಡೆಗಳನ್ನು ಮಾತ್ರ ಯಾರ ಇಷ್ಟಕ್ಕೂ ಬಿಟ್ಟಿಲ್ಲ. ಎಷ್ಟೇ ಬೆಲೆಬಾಳುವ ರೇಷ್ಮೆಯಾಗಿರಲಿ, ಒಂದು ಮೂಲೆಯ ಗೊಂಡೆ ಕಡಿದುಹೋದರೆ ಅದನ್ನು ಸರಿಪಡಿಸುವ ತನಕ ಆ ಶಾಲನ್ನು ಪ್ರಾರ್ಥನೆಗೆ ಹೊದೆಯುವಂತಿಲ್ಲ. ನಡುಭಾಗ ನಮ್ಮದು, ಮೂಲೆಗಳು ದೇವರದು. ಇಂದಿನ ಚಿಂತನೆಯ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಯೇಸುಸ್ವಾಮಿಯ ಉಡುಪಿನ ಅಂಚು

ನಮ್ಮ ಪ್ರಭು ಯೇಸುಸ್ವಾಮಿಯೂ ಇಂಥ ಗೊಂಡೆಗಳಿದ್ದ ಮೇಲುಡುಪನ್ನು ತೊಟ್ಟಿದ್ದರು. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಜನಜಂಗುಳಿಯ ನಡುವೆ ಹಿಂದಿನಿಂದ ಬಂದು ಮುಟ್ಟಿದ್ದು ಅದನ್ನೇ. ಸಂತ ಮತ್ತಾಯ ಮತ್ತು ಸಂತ ಲೂಕ ಅಲ್ಲಿ ಬಳಸಿದ ಗ್ರೀಕ್ ಪದವು, ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಈ ಗೊಂಡೆಗಳಿಗೆ ಬಳಸಿದ ಪದವೇ ಆಗಿದೆ. ಆಕೆಗೆ ಎದುರಿಗೆ ಬಂದು ಬೇಡಲು ಧೈರ್ಯವಿರಲಿಲ್ಲ. ಆ ಕಾಯಿಲೆಯಿಂದಾಗಿ ಸಮಾಜ ಆಕೆಯನ್ನು ಮೈಲಿಗೆಯೆಂದು ದೂರವಿಟ್ಟಿತ್ತು. ಅಂಥವಳ ಕೈಗೆ ಎಟುಕಿದ್ದು ಪ್ರಭುವಿನ ಸೆರಗು. ದೇವರ ಆಜ್ಞೆಯನ್ನು ನೆನಪಿಸಬೇಕಾದ ಗಂಟು, ದೇವರ ಕರುಣೆಯನ್ನು ಹಿಡಿಯುವ ಹಿಡಿಕೆಯಾಯಿತು. ಹೀಬ್ರೂ ಭಾಷೆಯಲ್ಲಿ ಉಡುಪಿನ ಮೂಲೆಗೂ ಹಕ್ಕಿಯ ರೆಕ್ಕೆಗೂ ಒಂದೇ ಪದ. ನೀತಿಸೂರ್ಯನ ರೆಕ್ಕೆಗಳಲ್ಲಿ ಸ್ವಸ್ಥತೆಯಿರುವುದೆಂದು ಪ್ರವಾದಿ ಮಲಾಕಿಯ ನುಡಿದದ್ದು ಆ ಬೀದಿಯಲ್ಲಿ ನಿಜವಾಯಿತು.

ಅದೇ ಪ್ರಭು ಇನ್ನೊಂದೆಡೆ ಕಟುವಾಗಿ ಮಾತಾಡಿದ್ದಾರೆ. ಜನ ನೋಡಲೆಂದು ಗೊಂಡೆಗಳನ್ನು ಉದ್ದ ಮಾಡಿಕೊಳ್ಳುವವರನ್ನು ಅವರು ಖಂಡಿಸುತ್ತಾರೆ (ಮತ್ತಾಯ 23:5). ಗೊಂಡೆ ಕಟ್ಟಬೇಡಿ ಎಂದು ಅವರು ಹೇಳಲಿಲ್ಲ. ನೆನಪಿಗಾಗಿ ಕಟ್ಟಿದ್ದು ಪ್ರದರ್ಶನಕ್ಕೆ ತಿರುಗಬಾರದು ಎಂದರು. ಮೊದಲ ಪರಮಪ್ರಸಾದದ ಗೌನಿಗೂ ಕೋಟಿಗೂ ಸಾಲ ಮಾಡುವ ತಂದೆತಾಯಿಯರೇ, ಈ ಮಾತು ನಮಗೂ ತಗುಲುವುದಿಲ್ಲವೇ? ಬಡವನ ಹೊದಿಕೆಯನ್ನು ಒತ್ತೆಯಿಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ಹಿಂದಕ್ಕೆ ಕೊಡಿರಿ, ಅವನು ಇನ್ನೇನನ್ನು ಹೊದ್ದು ಮಲಗಿಯಾನು ಎಂದು ಕೇಳಿದ ದೇವರು (ವಿಮೋಚನಾಕಾಂಡ 22:26-27), ಮಗುವಿನ ಒಂದು ದಿನದ ಉಡುಪಿಗಾಗಿ ನೀವು ವರ್ಷವಿಡೀ ಬಡ್ಡಿ ಕಟ್ಟುವುದನ್ನು ಬಯಸುತ್ತಾರೆಯೇ?

ನಮ್ಮ ಕಾಡಿನ ನಡುವೆ ಒಂದು ಸಾಕ್ಷಿ

ಇವೆಲ್ಲ ದೂರದ ಜನರ ಸಂಗತಿಗಳು ಎನ್ನಬೇಡಿ. ಸಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಚಂದಗುಳಿಯ ಹೆಸರು ಗೊತ್ತು. ಯಲ್ಲಾಪುರ ತಾಲ್ಲೂಕಿನ ಆ ಊರಿನ ಘಂಟೆ ಗಣಪತಿ ದೇವಸ್ಥಾನದಲ್ಲಿ ಹರಕೆ ಹೊತ್ತ ನಮ್ಮ ಹಿಂದೂ ಬಾಂಧವರು ಇಷ್ಟಾರ್ಥ ನೆರವೇರಿದಾಗ ಗಂಟೆ ಕಟ್ಟುತ್ತಾರೆ. ಚಿಕ್ಕದು ದೊಡ್ಡದು ಎನ್ನದೆ ಅಲ್ಲಿ ತೂಗುವ ಒಂದೊಂದು ಗಂಟೆಯ ಹಿಂದೆಯೂ ಒಂದೊಂದು ಮನೆಯ ಕಷ್ಟ, ಒಂದೊಂದು ಮನೆಯ ಕೃತಜ್ಞತೆಯಿದೆ. ನಮ್ಮ ವಿಶ್ವಾಸ ಬೇರೆ, ಆರಾಧನೆ ಬೇರೆ. ಆದರೆ ಹೇಳಿದ ಮಾತನ್ನು ಮರೆಯದೆ ಬಂದು ಕಟ್ಟುವ ಆ ನಿಷ್ಠೆಯನ್ನು ನೋಡಿ ನಾವು ತಲೆಬಾಗಬೇಕು. ಮಹಾಯಾಜಕ ಆರೋನನ ನಿಲುವಂಗಿಯ ಅಂಚಿಗೂ ಚಿನ್ನದ ಗಂಟೆಗಳನ್ನು ಕಟ್ಟಿಸಲಾಗಿತ್ತು; ಅವನು ದೇವರ ಸನ್ನಿಧಿಗೆ ಹೋಗುವಾಗಲೂ ಬರುವಾಗಲೂ ಅವುಗಳ ನಾದ ಕೇಳಿಸಬೇಕಿತ್ತು (ವಿಮೋಚನಾಕಾಂಡ 28:33-35). ದೇವರಿಗೆ ಕೊಟ್ಟ ಮಾತು ಎಲ್ಲಾದರೂ ಕಾಣಬೇಕು, ಎಲ್ಲಾದರೂ ಕೇಳಿಸಬೇಕು.

ಇದೇ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡುಗಳ ನಡುವೆ ನಮ್ಮ ಸಿದ್ದಿ ಬಂಧುಗಳು ಬಾಳುತ್ತಿದ್ದಾರೆ. ಅವರ ಪೂರ್ವಜರು ಆಫ್ರಿಕಾದಿಂದ ಬಂದವರು; ಬಹುಮಂದಿಯನ್ನು ದಾಸರನ್ನಾಗಿ ಹಡಗುಗಳಲ್ಲಿ ತರಲಾಗಿತ್ತು. ಅವರಲ್ಲಿ ಕಥೋಲಿಕರೂ ಹಿಂದೂಗಳೂ ಮುಸಲ್ಮಾನರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಈ ಮನೆಗಳ ತಾಯಂದಿರು ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ಅದನ್ನು ಅವರು ಕವಂದಿ ಎನ್ನುತ್ತಾರೆ. ಹಳೆಯ ಸೀರೆಯೊಂದನ್ನು ಅಡಿಗೆ ಹಾಸಿ, ಅಂಚಿನ ಒಂದು ಮೂಲೆಯಿಂದ ತುಂಡುಗಳನ್ನು ಇಡುತ್ತಾ, ಸಣ್ಣ ಹೊಲಿಗೆ ಹಾಕುತ್ತಾ ಸುತ್ತಲೂ ಬಂದು ಕೊನೆಗೆ ನಡುಭಾಗವನ್ನು ಮುಟ್ಟುತ್ತಾರೆ. ಕಥೋಲಿಕ ತಾಯಂದಿರ ಕವಂದಿಗಳಲ್ಲಿ ಶಿಲುಬೆಯ ಗುರುತು ಬರುವುದುಂಟು. ಹೊಟ್ಟೆ ಸದಾ ತುಂಬಿರಲಿ ಎಂದು ನಡುವಿನ ಕೊನೆಯ ತುಂಡಿನ ಕೆಳಗೆ ಕೆಲವು ಹೆಣ್ಣುಮಕ್ಕಳು ನಾಲ್ಕು ಅಕ್ಕಿಕಾಳು ಇಟ್ಟು ಹೊಲಿಯುತ್ತಾರೆ.

ಆ ಕವಂದಿಯ ನಾಲ್ಕು ಮೂಲೆಗಳನ್ನು ನೋಡಿದ್ದೀರಾ? ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ, ಹೂವಿನಂತೆ ಮಾಡಿ ಮೂಲೆಮೂಲೆಗೂ ಹೊಲಿದಿರುತ್ತಾರೆ. ಅದಕ್ಕೆ ‘ಫೂಲ’ ಎನ್ನುತ್ತಾರೆ. ಹೂವು ಎಂದೇ ಅರ್ಥ. ಚಳಿ ತಡೆಯಲು ಅದರಿಂದ ಏನೂ ಪ್ರಯೋಜನವಿಲ್ಲ. ಆದರೂ ಹೂವಿಲ್ಲದ ಕವಂದಿ ಬೆತ್ತಲೆ ಎಂದು ಆ ತಾಯಂದಿರು ಹೇಳುತ್ತಾರೆ. ನಡುಭಾಗದ ಬಣ್ಣಗಳನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಒಬ್ಬೊಬ್ಬರ ಕವಂದಿ ಒಂದೊಂದು ರೀತಿ. ಆದರೆ ಮೂಲೆಯ ಹೂವನ್ನು ಬಿಡುವಂತಿಲ್ಲ. ಯೆರುಸಲೇಮಿನ ಗೊಂಡೆಗೂ ಯಲ್ಲಾಪುರದ ಹೂವಿಗೂ ನಂಟಿದೆ ಎಂದು ನಾನು ಹೇಳುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದೇ ಪಾಠ ಕಾಣುತ್ತದೆ: ಮಗುವಿಗೆ ಹೊದಿಸುವ ಬಟ್ಟೆಗೆ ಬಿಸುಪು ಬೇಕು, ಅದಕ್ಕೆ ಮೂಲೆಗಳೂ ಬೇಕು.

ಗೌರವದ ಒಂದು ಮಾತು

ಇದನ್ನು ಓದಿ, ಹಾಗಾದರೆ ನಮ್ಮ ಪ್ರಾರ್ಥನಾಕೂಟದಲ್ಲೂ ತಾಲಿತ್ ಹೊದೆಯೋಣವೇ ಎಂದು ಕೇಳುವವರಿರಬಹುದು. ಬೇಡ. ಅದು ಜೀವಂತವಾಗಿರುವ ಒಂದು ಜನಾಂಗದ ಜೀವಂತ ಪ್ರಾರ್ಥನೆ. ನಮಗೆ ಅಲಂಕಾರದ ವಸ್ತುವಲ್ಲ. ಇನ್ನೊಂದು ಕಾರಣವೂ ಇದೆ, ಅದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಬಟ್ಟೆಯ ವಿಷಯದಲ್ಲಿ ಕ್ರೈಸ್ತರು ಯೆಹೂದ್ಯರಿಗೆ ನೋವು ಕೊಟ್ಟಿದ್ದಾರೆ. ಕ್ರೈಸ್ತ ನಾಡುಗಳಲ್ಲಿದ್ದ ಯೆಹೂದ್ಯರೂ ಮುಸಲ್ಮಾನರೂ ಬೇರೆಯಾಗಿ ಕಾಣುವ ಉಡುಪು ತೊಡಬೇಕೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತು. ಅದರ ಫಲವಾಗಿ ಅನೇಕ ದೇಶಗಳಲ್ಲಿ ಯೆಹೂದ್ಯರ ಎದೆಯ ಮೇಲೆ ಅವಮಾನದ ತುಂಡುಬಟ್ಟೆ ಬಂತು. ಕಳೆದ ಶತಮಾನದಲ್ಲಿ ನಾಜಿಗಳು ಹಳದಿ ನಕ್ಷತ್ರವನ್ನು ಹೊಲಿಸಿದ್ದು ಜಗತ್ತಿಗೇ ಗೊತ್ತು. ದೇವರು ನೆನಪಿಗಾಗಿ ಗಂಟು ಕಟ್ಟಿಸಿದ ಜನರ ಬಟ್ಟೆಗೆ ಮನುಷ್ಯರು ಅವಹೇಳನದ ಗುರುತು ಹೊಲಿಸಿದರು.

ಧರ್ಮಸಭೆ ಆ ದಾರಿಯಿಂದ ತಿರುಗಿ ಬಂದಿದೆ. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಯೆಹೂದ್ಯರ ಮೇಲಿನ ಎಲ್ಲ ದ್ವೇಷವನ್ನೂ ಖಂಡಿಸಿತು. ಸಂತ ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1986ರಲ್ಲಿ ರೋಮಿನ ಯೆಹೂದ್ಯರ ಪ್ರಾರ್ಥನಾಮಂದಿರಕ್ಕೆ ಹೋಗಿ ಅವರನ್ನು ಹಿರಿಯ ಸೋದರರೆಂದು ಕರೆದರು. 2000ದ ಮಾರ್ಚಿಯಲ್ಲಿ ಯೆರುಸಲೇಮಿನ ಪಶ್ಚಿಮ ಗೋಡೆಯ ಕಲ್ಲುಗಳ ನಡುವೆ ಕ್ಷಮೆ ಬೇಡುವ ಪ್ರಾರ್ಥನೆಯ ಚೀಟಿಯನ್ನಿಟ್ಟರು. ಯೆಹೂದ್ಯರು ನಮ್ಮ ಕರಾವಳಿಗೂ ಅಪರಿಚಿತರಲ್ಲ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವ್ಯಾಪಾರಿ 12ನೇ ಶತಮಾನದಲ್ಲಿ ಹಲವು ವರ್ಷ ಮಂಗಳೂರಿನಲ್ಲಿ ವಾಸವಾಗಿದ್ದ. ಅವನ ಪತ್ರಗಳು ಕೈರೋ ನಗರದ ಹಳೆಯ ಪ್ರಾರ್ಥನಾಮಂದಿರದಲ್ಲಿ ಉಳಿದು ಬಂದಿವೆ. ಹಿರಿಯ ಸೋದರರ ಶಾಲನ್ನು ನಾವು ಎಳೆದುಕೊಂಡು ಹೊದೆಯುವುದು ಬೇಡ. ಅದರಿಂದ ಪಾಠ ಕಲಿತರೆ ಸಾಕು.

ನಿಮ್ಮ ಮಗುವಿಗೆ ಯಾವ ವಸ್ತ್ರ?

ನಮಗೂ ಒಂದು ವಸ್ತ್ರ ಕೊಡಲಾಗಿದೆ. ಜ್ಞಾನಸ್ನಾನದ ದಿನ ಮಗುವಿಗೆ ಬಿಳಿಯ ವಸ್ತ್ರ ಹೊದಿಸಿ, ಇದನ್ನು ಕಲೆಯಿಲ್ಲದಂತೆ ನಿತ್ಯಜೀವದವರೆಗೆ ಕಾಪಾಡಿಕೊಳ್ಳಲು ಹೇಳುತ್ತೇವೆ. ಅದೇ ಜ್ಞಾನಸ್ನಾನವನ್ನು ನೆನಪಿಸಲು ಸತ್ತವರ ಪೆಟ್ಟಿಗೆಯ ಮೇಲೆ ಬಿಳಿಯ ಹೊದಿಕೆಯನ್ನು ಹಾಸುವ ಪದ್ಧತಿಯಿದೆ. ಯೆಹೂದ್ಯರಲ್ಲಿಯೂ ಸತ್ತವನನ್ನು ಅವನ ಶಾಲಿನಲ್ಲೇ ಸುತ್ತಿ ಮಣ್ಣುಮಾಡುವುದುಂಟು. ಆಗ ಒಂದು ಗೊಂಡೆಯನ್ನು ಕತ್ತರಿಸುತ್ತಾರೆ. ಇನ್ನು ಅವನು ಆಜ್ಞೆಗಳನ್ನು ನೆನೆಯಬೇಕಾಗಿಲ್ಲ, ಕೆಲಸ ಮುಗಿಯಿತು ಎಂದರ್ಥ. ಆದರೆ ಜ್ಞಾನಸ್ನಾನಕ್ಕೂ ಸಮಾಧಿಗೂ ನಡುವಿನ ಉದ್ದ ವರ್ಷಗಳಲ್ಲಿ ನಮ್ಮ ಮಕ್ಕಳ ವಸ್ತ್ರದ ಮೂಲೆಗಳನ್ನು ಕಾಯುವವರು ಯಾರು? ತಾಯಿತಂದೆಯರೇ, ಅದು ನಿಮ್ಮ ಹೊಣೆ.

ನಡುಭಾಗ ನಿಮ್ಮದು. ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕು, ಕನ್ನಡದಲ್ಲೋ ಕೊಂಕಣಿಯಲ್ಲೋ. ಯಾವ ಹಾಡು ಹಾಡಬೇಕು, ಊಟಕ್ಕೆ ಮೊದಲೋ ಆಮೇಲೋ. ಇದೆಲ್ಲ ನಿಮ್ಮ ಮನೆಯ ಬಣ್ಣ. ಗದ್ದೆಗೆ ಹೋಗುವ ಮನೆಯ ಹೊತ್ತು ಬೇರೆ, ಕಚೇರಿಗೆ ಹೋಗುವ ಮನೆಯ ಹೊತ್ತು ಬೇರೆ. ಮೌನಿಯಾದ ಮಗುವಿಗೂ ತುಂಟ ಮಗುವಿಗೂ ಒಂದೇ ಅಳತೆಯ ಅಂಗಿ ಹೊಲಿಯಲಾಗದು. ಆದರೆ ಈ ನಾಲ್ಕು ಮೂಲೆಗಳನ್ನು ಬಿಡಬೇಡಿ. ಮೊದಲನೆಯದು, ಭಾನುವಾರದ ಬಲಿಪೂಜೆ. ಎರಡನೆಯದು, ದಿನಕ್ಕೊಮ್ಮೆಯಾದರೂ ಮನೆಯವರೆಲ್ಲ ಒಟ್ಟಿಗೆ ಕೂಡುವ ಪ್ರಾರ್ಥನೆ. ಐದು ನಿಮಿಷವಾದರೂ ಸರಿ. ಮೂರನೆಯದು, ಜಗಳವಾಡಿದ ದಿನ ಮಲಗುವ ಮುನ್ನ ಕ್ಷಮೆ. ತಂದೆ ಮಗನ ಹತ್ತಿರ ಕ್ಷಮೆ ಕೇಳಿದರೆ ಮರ್ಯಾದೆ ಹೋಗುವುದಿಲ್ಲ. ನಾಲ್ಕನೆಯದು, ಬಂದ ಆದಾಯದಲ್ಲಿ ಬಡವನಿಗೊಂದು ಪಾಲು; ಅದನ್ನು ಮಗುವಿನ ಕೈಯಿಂದಲೇ ಕೊಡಿಸಿರಿ. ಯೆಹೂದ್ಯರು ಬೆಳಗಿನ ಪ್ರಾರ್ಥನೆಯಲ್ಲಿ ನಾಲ್ಕೂ ಗೊಂಡೆಗಳನ್ನು ಒಂದೇ ಮುಷ್ಟಿಯಲ್ಲಿ ಕೂಡಿಸಿ ಹಿಡಿದು ಮುದ್ದಿಡುತ್ತಾರೆ. ಈ ನಾಲ್ಕೂ ಒಂದೇ ಮುಷ್ಟಿಯಲ್ಲಿ ಇರುವಾಗಲೇ ಮನೆ ಒಂದಾಗಿರುತ್ತದೆ.

ದೊಡ್ಡ ಹಬ್ಬಕ್ಕೆ ಅಂಗಡಿಯ ಉಡುಪು ಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಅದರ ಜೊತೆಗೆ ಒಂದು ಕೆಲಸ ಮಾಡಿರಿ. ಅಜ್ಜಿಯ ಹಳೆಯ ಸೀರೆ, ಅಪ್ಪನ ಹಳೆಯ ಅಂಗಿ, ಮಗುವಿನ ತೊಟ್ಟಿಲ ಬಟ್ಟೆ, ಇವುಗಳಿಂದ ಒಂದು ಚಿಕ್ಕ ಕೌದಿಯನ್ನೋ ಮನೆಯ ಪೀಠಕ್ಕೆ ಹಾಸುವ ಬಟ್ಟೆಯನ್ನೋ ಹೊಲಿಯಿರಿ. ಒಂದೊಂದು ಮೂಲೆಯನ್ನು ಮನೆಯ ಒಬ್ಬೊಬ್ಬರು ಹೊಲಿಯಲಿ. ಗಂಡಸರೂ ಸೂಜಿ ಹಿಡಿಯಲಿ. ಹೊಲಿಯುವಾಗ ಆ ಮೂಲೆಗೆ ಸೇರಿದ ಮಾತನ್ನು ಮಗುವಿಗೆ ಹೇಳಿರಿ. ಹೊಲಿಗೆ ವಕ್ರವಾದರೂ ಚಿಂತೆಯಿಲ್ಲ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದ ಅಜ್ಜಿ ನಿಮ್ಮ ಮನೆಯಲ್ಲಿದ್ದರೆ, ಮೊಮ್ಮಗು ದಾರ ಪೋಣಿಸಿಕೊಡಲಿ. ಧರ್ಮೋಪದೇಶದ ಎಷ್ಟೋ ತರಗತಿಗಳು ಕಲಿಸದ್ದನ್ನು ಆ ಒಂದು ಗಳಿಗೆ ಕಲಿಸೀತು.

ಮಕ್ಕಳು ಗೋವಾ, ಹುಬ್ಬಳ್ಳಿ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋಗಿರುವ ಮನೆಗಳು ನಮ್ಮಲ್ಲಿ ಬಹಳ. ‘ಗುರುಗಳೇ, ಮಗ ಈಗ ಪೂಜೆಗೆ ಹೋಗುತ್ತಿಲ್ಲ, ನಾವು ಎಲ್ಲಿ ಸೋತೆವು?’ ಎಂದು ಕಣ್ಣೀರಿಡುವ ತಾಯಂದಿರೂ ಬಹಳ. ಅವರಿಗೆ ನಾನು ಹನ್ನಳನ್ನು ತೋರಿಸುತ್ತೇನೆ. ಆಕೆ ಮಗು ಸಮುವೇಲನನ್ನು ದೇವಾಲಯದಲ್ಲಿ ಬಿಟ್ಟುಬಂದಳು. ಆಮೇಲೆ ವರ್ಷಕ್ಕೊಮ್ಮೆ ಒಂದು ಚಿಕ್ಕ ನಿಲುವಂಗಿಯನ್ನು ಹೊಲಿದು ತಂದುಕೊಡುತ್ತಿದ್ದಳು (1 ಸಮುವೇಲ 2:19). ಕಣ್ಣೆದುರಿಗಿಲ್ಲದ ಮಗ ಎಷ್ಟು ಬೆಳೆದಿದ್ದಾನೋ ಆಕೆಗೆ ಹೇಗೆ ಗೊತ್ತಾಗಬೇಕು? ಅಳತೆಯನ್ನು ಊಹಿಸಿಕೊಂಡೇ ಹೊಲಿದಿರಬೇಕು. ಆದರೂ ಹೊಲಿಯುವುದನ್ನು ಬಿಡಲಿಲ್ಲ. ನಿಮ್ಮ ಮಗನೂ ನಿಮ್ಮ ಊಹೆಗೆ ಮೀರಿ ಬೆಳೆದಿದ್ದಾನೆ. ಹಳೆಯ ಅಳತೆಯ ಬುದ್ಧಿಮಾತು ಅವನಿಗೆ ಬಿಗಿಯಾದೀತು. ಹೊಸ ಅಳತೆಗೆ ಮಾತಾಡಿರಿ, ಅವನ ಮಾತನ್ನೂ ಕೇಳಿರಿ. ಅವನು ಖಂಡಿತ ಮರಳಿ ಬರುತ್ತಾನೆಂದು ನಾನು ಭಾಷೆ ಕೊಡಲಾರೆ. ಆದರೆ ಜ್ವರ ಬಂದ ಒಂದು ರಾತ್ರಿ, ಕೆಲಸ ಕಳೆದುಕೊಂಡ ಒಂದು ಸಂಜೆ, ಪೆಟ್ಟಿಗೆಯ ತಳದಲ್ಲಿರುವ ನಿಮ್ಮ ಕೌದಿ ಅವನ ಕೈಗೆ ಸಿಗಬಹುದು. ಆಗ ಅವನ ಬೆರಳಿಗೆ ತಗುಲಲು ಅದರ ಮೂಲೆಯಲ್ಲಿ ಏನಾದರೂ ಇರಬೇಕಲ್ಲವೇ? ನೀವು ಕಟ್ಟಬೇಕಾದದ್ದು ಅಷ್ಟೇ. ಉಳಿದದ್ದನ್ನು, ಜನಜಂಗುಳಿಯ ನಡುವೆಯೂ ತಮ್ಮ ಅಂಚನ್ನು ಯಾರು ಮುಟ್ಟಿದರೆಂದು ಹಿಂತಿರುಗಿ ನೋಡಿದ ಪ್ರಭು ನೋಡಿಕೊಳ್ಳುತ್ತಾರೆ.

ಈ ವಾರ ಮನೆಯ ಪ್ರಾರ್ಥನೆಯ ಕೊನೆಗೆ ಹೀಗೆ ಬೇಡಿಕೊಳ್ಳೋಣ: ಪ್ರಭುವೇ, ನಮ್ಮ ಮಕ್ಕಳಿಗೆ ಹೊದಿಸಲು ನಮ್ಮಲ್ಲಿರುವುದು ಹಳೆಯ ತುಂಡುಗಳೇ. ಅವನ್ನು ಜೋಡಿಸುವ ತಾಳ್ಮೆ ಕೊಡಿ. ಮೂಲೆಗಳನ್ನು ಮರೆಯದ ಮನಸ್ಸು ಕೊಡಿ. ದೂರ ಹೋದವರ ಕೈಗೆ ನಿಮ್ಮ ಸೆರಗು ಎಟುಕುವಂತೆ ಮಾಡಿ. ಆಮೆನ್.